ರೋಲರ್ ಮಾವ ಮನೆಯಲ್ಲಿ ಹೇಳದ ಮಾತು

"ಗಟ್ಟಿ ಹಗ್ಗ ಇದ್ಯಾ? ಪೆಟ್ಟಿಗೆ ಕಟ್ಟೋಕೆ ಬೇಕಿತ್ತು," ಎಂದರು ಅತ್ತೆ.

ನನ್ನದು ಗುಂಡಿ, ದಾರ, ಜಿಪ್ಪು, ಲೇಸು ಮಾರುವ ಪುಟ್ಟ ಅಂಗಡಿ. ಬಟ್ಟೆ ಒಣಗಿಸಲು ಯಾರಾದರೂ ಕೇಳುತ್ತಾರೆಂದು ಹಗ್ಗವನ್ನೂ ಇಟ್ಟಿದ್ದೇನೆ. ಆದರೆ ಎದುರು ಮನೆಯ ಅತ್ತೆ ಪೆಟ್ಟಿಗೆ ಕಟ್ಟಲು ಹಗ್ಗ ಕೇಳಿದ್ದು ಅದೇ ಮೊದಲು.

"ಯಾವ ಪೆಟ್ಟಿಗೆ ಅತ್ತೆ?"

"ಮನೆ ಸಾಮಾನಿಂದು. ಭಾನುವಾರ ನನ್ನ ತಮ್ಮ ವ್ಯಾನ್ ತರ್ತಾನೆ. ಅವನ ಮನೆ ಹಿಂದೆ ಒಂದು ರೂಮಿದೆಯಂತೆ. ಒಂದು ಜೀವಕ್ಕೆ ಎಷ್ಟು ಜಾಗ ಬೇಕು ಹೇಳು?"

ಅತ್ತೆ ನನಗೆ ರಕ್ತಸಂಬಂಧಿಯಲ್ಲ. ನಾನು ಚಿಕ್ಕವಳಿದ್ದಾಗ ಅವರ ಗಂಡನನ್ನು ಮಾವ ಎಂದು ಕರೆದೆ, ಹಾಗಾಗಿ ಇವರು ಅತ್ತೆಯಾದರು. ಅಂದಿನಿಂದ ನಮ್ಮ ಅಂಗಡಿಯ ಬಾಗಿಲು ತೆರೆದರೆ ಎದುರಿಗೆ ಅವರ ಕಿಟಕಿ. ಆ ಕಿಟಕಿ ಇಲ್ಲದ ಬೀದಿಯನ್ನು ನಾನು ನೆನೆಸಿಕೊಳ್ಳಲಾರೆ.

"ಈ ಮನೆ ಬಿಟ್ಟು ನೀವು ಹೋಗ್ತೀರಾ?"

"ನಾನೇನು ಖುಷಿಗೆ ಹೋಗ್ತಿದ್ದೀನಾ? ನನ್ನ ಪಿಂಚಣಿಯಲ್ಲಿ ಬಾಡಿಗೆ ಕೊಟ್ರೆ ಊಟಕ್ಕಿಲ್ಲ, ಊಟ ಮಾಡಿದ್ರೆ ಔಷಧಿಗಿಲ್ಲ. ಹಗ್ಗ ಕೊಡು, ಸುಮ್ನೆ ಅಳಿಸ್ಬೇಡ."

ಹಗ್ಗ ಕೊಟ್ಟೆ. ಏನು ಮಾಡಲಿ, ಅಂಗಡಿಯವಳು ನಾನು. ಆದರೆ ಅವರನ್ನು ಹೋಗಲು ಬಿಡಲಿಲ್ಲ, ಸ್ಟೂಲ್ ಎಳೆದು ಕೂರಿಸಿಕೊಂಡೆ.

ಈ ಬೀದಿಯ ಕಥೆ ನಿಮಗೆ ಹೇಳಲೇಬೇಕು. ಹೇಳದಿದ್ದರೆ ಅತ್ತೆ ಏನನ್ನು ಬಿಟ್ಟು ಹೊರಟಿದ್ದರು ಎಂದು ನಿಮಗೆ ಗೊತ್ತಾಗುವುದಿಲ್ಲ.

ಆಗೆಲ್ಲ ಇದು ಬರೀ ಗುಂಡಿ ಬಿದ್ದ ಮಣ್ಣಿನ ದಾರಿ. ಮಳೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಒಂದು ದಿನ ಜಲ್ಲಿ ಬಂತು, ಡಾಂಬರಿನ ಪೀಪಾಯಿ ಬಂತು, ಅವುಗಳ ಹಿಂದೆ ನಿಧಾನವಾಗಿ, ನೆಲ ನಡುಗಿಸುತ್ತಾ, ರಸ್ತೆ ಇಲಾಖೆಯ ರೋಡ್ ರೋಲರ್ ಬಂತು. ಅದರ ಮೇಲೆ ಕಿವಿಗೆ ಹತ್ತಿ ತುರುಕಿಕೊಂಡು ಮಹಾರಾಜನ ಹಾಗೆ ಕೂತಿದ್ದವರೇ ನಮ್ಮ ರೋಲರ್ ಮಾವ. ಬೀದಿಯ ಮಕ್ಕಳೆಲ್ಲ ಅದರ ಪಕ್ಕದಲ್ಲೇ ಓಡಿದೆವು. ಓಡಿದೆವು ಎನ್ನುವುದು ಸುಳ್ಳು, ನಡೆದರೂ ಸಾಕಿತ್ತು, ರೋಲರನ್ನು ಹಿಂದೆ ಹಾಕಬಹುದಿತ್ತು. ಅಪ್ಪನ ಅಂಗಡಿಯಿಂದ ಹಿತ್ತಾಳೆಯ ಗುಂಡಿ ಕದ್ದು ತಂದು ಚಕ್ರದ ದಾರಿಯಲ್ಲಿ ಇಡುತ್ತಿದ್ದೆ. ರೋಲರ್ ಹಾದು ಹೋದ ಮೇಲೆ ಅದು ತೆಳ್ಳಗೆ, ನುಣ್ಣಗೆ ಹಪ್ಪಳವಾಗಿರುತ್ತಿತ್ತು. ಅಂಥದ್ದೊಂದು ಇವತ್ತಿಗೂ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ.

ಎದುರು ಮನೆಗೆ ಆಗ "ಬಾಡಿಗೆಗೆ ಇದೆ" ಎಂಬ ಬೋರ್ಡು ನೇತಾಡುತ್ತಿತ್ತು. ರಸ್ತೆ ಮುಗಿಯುವ ಹೊತ್ತಿಗೆ ಮಾವ ಅದೇ ಮನೆ ಹಿಡಿದು ಹೆಂಡತಿಯನ್ನು ಕರೆತಂದರು. "ಬೇರೆಯವರು ಮನೆ ನೋಡೋಕೆ ಒಂದು ಸಲ ಬರ್ತಾರೆ. ನಾನು ದಿನವೆಲ್ಲ ಅದರ ಮುಂದೆ ಹೋಗ್ತಾ ಬರ್ತಾ ನೋಡಿದ್ದೀನಿ. ನನ್ನಷ್ಟು ನೋಡಿ ಮನೆ ಹಿಡಿದವರು ಯಾರಾದ್ರೂ ಇದ್ದಾರಾ?" ಎಂದು ಎಲ್ಲರಿಗೂ ಕೂಗಿ ಹೇಳುತ್ತಿದ್ದರು.

ಕೂಗಿ ಎಂದೆನಲ್ಲ, ಅದು ಅವರ ಮಾಮೂಲಿ ದನಿ. ಎಂಜಿನ್ನಿನ ಸದ್ದಿನಲ್ಲಿ ಕಿವಿ ಮಂದವಾಗಿತ್ತು. ತಮಗೆ ಕೇಳಿಸದ್ದು ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದರು. ಒಮ್ಮೆ ನನ್ನ ಅಂಗಡಿಗೆ ಬಂದು, "ಅವಳಿಗೆ ಹುಟ್ಟಿದ ದಿನಕ್ಕೆ ಕೊಡೆ ತಂದಿದ್ದೀನಿ, ಇಲ್ಲಿ ಬಚ್ಚಿಟ್ಕೋ, ಹೇಳ್ಬೇಡ!" ಎಂದರು. ಎದುರು ಕಿಟಕಿಯಿಂದ ಅತ್ತೆಯ ದನಿ ಬಂತು: "ಯಾವ ಬಣ್ಣದ್ದು?" ಬೀದಿಗೆ ಬೀದಿಯೇ ನಕ್ಕಿತು. ಆ ಮನೆಯಲ್ಲಿ ಗುಟ್ಟು ಎನ್ನುವುದೇ ಇರಲಿಲ್ಲ. ಜಗಳವಾದರೂ ನಮಗೆ ಗೊತ್ತು, ರಾಜಿಯಾದರೂ ಗೊತ್ತು.

ಅತ್ತೆ ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದರು. ಬೆಳಗ್ಗೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದರು. ರೋಲರ್ ಓಡಿಸಿ ಓಡಿಸಿ ಮಾವನ ನಡಿಗೆಯೂ ಅದೇ ವೇಗಕ್ಕೆ ಇಳಿದಿತ್ತು. ಅತ್ತೆ ಸರಸರ ಮುಂದೆ ಹೋಗಿ, ಮೂಲೆಯ ದೀಪದ ಕಂಬದ ಹತ್ತಿರ ನಿಂತು ಕಾಯುತ್ತಿದ್ದರು. "ಬನ್ನಿ, ಬನ್ನಿ, ಆಸ್ಪತ್ರೆ ರೋಗಿಗಳೆಲ್ಲ ಗುಣವಾಗಿ ಮನೆಗೆ ಹೋಗೋ ಹೊತ್ತಾಯ್ತು!" ಎಂದು ರೇಗಿಸುತ್ತಿದ್ದರು. ಆ ದೃಶ್ಯ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಇಬ್ಬರಿಗೂ ನಿವೃತ್ತಿಯಾಯಿತು. ಇಬ್ಬರಿಗೂ ಪಿಂಚಣಿ ಬರುತ್ತಿತ್ತು. ಮಾವನದು ಅವರ ಜೊತೆಯವರಿಗಿಂತ ಸ್ವಲ್ಪ ಕಮ್ಮಿ. ಅದಕ್ಕೆ ಅತ್ತೆ ಸದಾ ಚುಚ್ಚುತ್ತಿದ್ದರು: "ರೋಲರ್ ಮೇಲೆ ನಿದ್ದೆ ಹೊಡೆದಿರ್ತೀರಿ, ಅದಕ್ಕೇ ಕತ್ತರಿಸಿದ್ದಾರೆ." ಮಾವ ನಕ್ಕು ಸುಮ್ಮನಾಗುತ್ತಿದ್ದರು. ಖರ್ಚು ಸರಿದೂಗಿಸಲು ಬೀದಿಯವರ ಸೈಕಲ್ಲು, ಸ್ಟವ್ವು ರಿಪೇರಿ ಮಾಡುತ್ತಾ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಕಳೆದ ವರ್ಷ ಒಂದು ಬೆಳಗ್ಗೆ, ಅದೇ ಮೆಟ್ಟಿಲ ಮೇಲೆ, ಕೈಯಲ್ಲಿ ಸ್ಪ್ಯಾನರ್ ಹಿಡಿದಂತೆಯೇ ಹೋಗಿಬಿಟ್ಟರು. ಅಂದಿನಿಂದ ನಮ್ಮ ಬೀದಿ ತುಂಬಾ ಸದ್ದಿಲ್ಲದ ಬೀದಿ.

ಇರಲಿ. ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿದ್ದೆ ಎಂದೆನಲ್ಲ, ಆಗ ಅಂಗಡಿಯಲ್ಲಿ ಇನ್ನೊಬ್ಬರಿದ್ದರು. ನನ್ನ ಹಳೆಯ ಗಿರಾಕಿ, ಪಿಂಚಣಿ ಕಚೇರಿಯಲ್ಲಿ ಜೀವಮಾನವೆಲ್ಲ ಕೆಲಸ ಮಾಡಿ ನಿವೃತ್ತರಾದವರು. ಮಾತು ಮುಗಿಸುವಾಗ ಕಾಗದಕ್ಕೆ ಠಸ್ಸೆ ಒತ್ತುವ ಹಾಗೆ ಮೇಜಿನ ಮೇಲೆ ಕೈ ಕುಟ್ಟುತ್ತಾರೆ. ಅದಕ್ಕೇ ಅವರನ್ನು ಎಲ್ಲರೂ ಠಸ್ಸೆ ಅಕ್ಕ ಎನ್ನುತ್ತೇವೆ. ಕೈಚೀಲಕ್ಕೆ ಜಿಪ್ಪು ಆರಿಸುತ್ತಿದ್ದವರು ತಲೆಯೆತ್ತಿದರು.

"ನಿಮ್ಮ ಮಾತಲ್ಲಿ ಮೂಗು ತೂರಿಸ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಯಜಮಾನರು ಸರ್ಕಾರಿ ಕೆಲಸದಲ್ಲಿದ್ದವರಲ್ವಾ? ಅವರ ಕುಟುಂಬ ಪಿಂಚಣಿ ಬರ್ತಿಲ್ವಾ ನಿಮಗೆ?"

"ಅವರೇ ಹೋದ ಮೇಲೆ ಅವರ ಪಿಂಚಣಿ ಎಲ್ಲಿಂದ ಬರುತ್ತೆ? ಗಾಡಿ ನಿಂತ ಮೇಲೆ ಡೀಸೆಲ್ ಯಾರು ಹಾಕ್ತಾರೆ?" ಎಂದರು ಅತ್ತೆ.

"ಅವರ ಪಿಂಚಣಿ ನಿಲ್ಲುತ್ತೆ, ನಿಜ. ನಿಲ್ಲಲೇಬೇಕು. ಆದ್ರೆ ಅದರಲ್ಲಿ ಒಂದು ಪಾಲು ಉಳಿದ ಜೀವಕ್ಕೆ ಬರುತ್ತೆ. ಗಂಡ ಹೋದ್ರೆ ಹೆಂಡತಿಗೆ, ಹೆಂಡತಿ ಹೋದ್ರೆ ಗಂಡನಿಗೆ. ನೀವು ಅರ್ಜಿ ಹಾಕಿದ್ರಾ?"

"ಅದೆಲ್ಲ ಬಂದಾಯ್ತಮ್ಮ. ಹೋದ ವರ್ಷವೇ ಇಲಾಖೆಯ ದುಡ್ಡು ಅಂತ ಅವರ ಗ್ಯಾಂಗಿನ ಮೇಸ್ತ್ರಿ ಮನೆಗೇ ತಂದುಕೊಟ್ರು. ಒಂದೇ ಸಲ. ಲೆಕ್ಕ ಚುಕ್ತಾ ಅಂತಲೂ ಹೇಳಿ ಹೋದ್ರು."

"ಮನೆಗೆ ತಂದುಕೊಟ್ರಾ? ಹೇಗೆ?"

"ಹೇಗೆ ಅಂದ್ರೆ? ಕವರಲ್ಲಿ ಹಾಕಿ, ಕೈಗೆ."

ಠಸ್ಸೆ ಅಕ್ಕ ಜಿಪ್ಪನ್ನು ಕೆಳಗಿಟ್ಟರು. "ನೋಡಮ್ಮ, ನನ್ನ ಸರ್ವಿಸ್ಸಲ್ಲೇ ಸರ್ಕಾರ ಕವರಲ್ಲಿ ದುಡ್ಡು ಹಾಕ್ಕೊಂಡು ಮನೆ ಬಾಗಿಲಿಗೆ ಬಂದದ್ದು ನಾನು ನೋಡಿಲ್ಲ. ಸಹಿ ತಗೊಂಡ್ರಾ?"

"ಇಲ್ಲ."

"ರಸೀದಿ?"

"ಇಲ್ಲ."

"ಹಾಗಾದ್ರೆ ಅದು ಸರ್ಕಾರದ್ದಲ್ಲ," ಎಂದು ಮೇಜಿಗೆ ಕೈ ಕುಟ್ಟಿದರು. ನನ್ನ ಗುಂಡಿ ಡಬ್ಬಿಗಳೆಲ್ಲ ಒಮ್ಮೆ ಹಾರಿ ಕೂತವು.

ಅತ್ತೆಗೆ ಸಿಟ್ಟು ಬಂತು. "ಹಾಗಾದ್ರೆ ಅವರ ಮೇಸ್ತ್ರಿ ಸುಳ್ಳು ಹೇಳಿದ್ರಾ? ಅವರಂಥ ಮನುಷ್ಯ ಸಿಗಲ್ಲ, ಗೊತ್ತಾ?"

"ಸುಳ್ಳು ಅಂದೆನಾ ನಾನು? ಕರೆಸಿ, ಕೇಳೋಣ."

ಮೇಸ್ತ್ರಿಗೆ ನಾನೇ ಫೋನ್ ಮಾಡಿದೆ. ರಸ್ತೆ ಗ್ಯಾಂಗಿನ ಮೇಸ್ತ್ರಿ ಅವರು, ಮಾವನ ಜೊತೆಯಲ್ಲೇ ನಿವೃತ್ತರಾದವರು. ಅತ್ತೆ, ಠಸ್ಸೆ ಅಕ್ಕ ಅಂಗಡಿಯಲ್ಲೇ ಕಾದು ಕೂತರು; ಸಂಜೆ ಮೇಸ್ತ್ರಿ ಸೈಕಲ್ ಒರಗಿಸಿ ಒಳಗೆ ಬಂದರು. ವಿಷಯ ಕೇಳುತ್ತಲೇ ಮುಖ ಸಪ್ಪಗಾಯಿತು.

"ಅಯ್ಯೋ ಅಕ್ಕ, ಅದು ಇಲಾಖೆಯದ್ದಲ್ಲ. ನಮ್ಮ ಗ್ಯಾಂಗಿಂದು. ಮೊದಲಿಂದಲೂ ನಮ್ಮಲ್ಲಿ ರೂಢಿ. ನಮ್ಮಲ್ಲಿ ಒಬ್ಬ ಹೋದ್ರೆ ಎಲ್ರೂ ಕೈಲಾದಷ್ಟು ಹಾಕ್ತೀವಿ. ನಮ್ಮ ಜೇಬಿಂದ ಅಂತ ಹೇಳೋ ಹಾಗಿಲ್ಲ. ಹೇಳಿದ್ರೆ ಮನೆಯವರಿಗೆ ಋಣದ ಭಾರ. ನಾಳೆ ಬೀದಿಯಲ್ಲಿ ಸಿಕ್ಕಾಗ ತಲೆ ತಗ್ಗಿಸಿಕೊಂಡು ಹೋಗ್ಬಾರ್ದು ನೋಡಿ. ಅದಕ್ಕೇ ಇಲಾಖೆ ಕವರಲ್ಲಿ ಹಾಕಿ, ಇಲಾಖೆಯವರ ಕಡೆಯಿಂದ ಅಂತ ಕೊಟ್ಟು, ನಿಂತ ಕಾಲಲ್ಲೇ ಬಂದುಬಿಡ್ತೀವಿ."

"ಚುಕ್ತಾ ಅಂದ್ರಲ್ಲ?" ಅತ್ತೆಯ ದನಿ ಸಣ್ಣದಾಗಿತ್ತು.

"ವಾಪಸ್ ಕೊಡೋಕೆ ಬರಬೇಡಿ ಅನ್ನೋದಕ್ಕೆ ಹಾಗೆ ಹೇಳೋದು ಅಕ್ಕ. ನಿಮಗೆ ತಿಂಗಳು ತಿಂಗಳು ಪಿಂಚಣಿ ಬರ್ತಿದೆ ಅಂತಲೇ ನಾವೆಲ್ಲ ಅಂದ್ಕೊಂಡಿದ್ವಿ."

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಒಳ್ಳೆಯ ಮನಸ್ಸಿನಿಂದ ಮುಚ್ಚಿಟ್ಟ ಮಾತು ಒಳ್ಳೆಯ ಮನುಷ್ಯರ ನಡುವೆಯೇ ವರ್ಷವಿಡೀ ಕೂತಿತ್ತು. ಅತ್ತೆ ಅಷ್ಟು ಕಾಲ ಹೊಟ್ಟೆ ಬಟ್ಟೆ ಕಟ್ಟಿ ಬದುಕಿದ್ದರು. ಫ್ರಿಜ್ಜಿನ ಸ್ವಿಚ್ಚು ತೆಗೆದಿದ್ದರು. ಕಣ್ಣಿನ ಡಾಕ್ಟರ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದರು. ನನ್ನ ಅಂಗಡಿಗೆ ಬಂದು ನೀಲಿ ದಾರ ಮುಟ್ಟಿ ನೋಡಿ, "ಮುಂದಿನ ತಿಂಗಳು," ಎನ್ನುತ್ತಿದ್ದರು. ನಾನೂ ಒಬ್ಬಳು, ಕಣ್ಣಿದ್ದೂ ಕಾಣಲಿಲ್ಲ.

ಠಸ್ಸೆ ಅಕ್ಕ ಮಾತ್ರ ಸುಮ್ಮನೆ ಕೂರುವವರಲ್ಲ. "ಆಗಿದ್ದು ಆಯ್ತು. ನಾಳೆ ಕಚೇರಿಗೆ ಹೋಗೋಣ."

ಅತ್ತೆ ಅಲುಗಲಿಲ್ಲ. "ನನಗೇ ಆಸ್ಪತ್ರೆ ಪಿಂಚಣಿ ಇದೆಯಲ್ಲ. ಒಬ್ಬರಿಗೆ ಎರಡು ಕೊಡ್ತಾರಾ? ನನ್ನ ತಮ್ಮ ಹೇಳ್ತಿದ್ದ, ಕೇಳೋಕೆ ಹೋದ್ರೆ ಇರೋದನ್ನೂ ಕಿತ್ಕೋತಾರೆ ಅಂತ."

"ನಿಮ್ಮ ತಮ್ಮ ಪಿಂಚಣಿ ಕಚೇರಿಯಲ್ಲಿದ್ದಾರಾ?"

"ಇಲ್ಲ. ಟೈರ್ ಅಂಗಡಿ."

"ಟೈರ್ ವಿಷಯ ಅವರನ್ನ ಕೇಳಿ, ಪಿಂಚಣಿ ವಿಷಯ ನನ್ನನ್ನ ಕೇಳಿ. ಆಸ್ಪತ್ರೆಯದ್ದು ನಿಮ್ಮ ದುಡಿಮೆಯದು. ಇದು ಅವರ ದುಡಿಮೆಯದು. ಕೆಲವು ಪಿಂಚಣಿ ಯೋಜನೆಗಳಲ್ಲಿ ಎರಡೂ ಪೂರ್ತಿ ಬರುತ್ತೆ. ಕೆಲವದರಲ್ಲಿ ಒಂದನ್ನ ಸ್ವಲ್ಪ ಕಮ್ಮಿ ಮಾಡ್ತಾರೆ. ಕೆಲವದರಲ್ಲಿ ಎರಡರಲ್ಲಿ ದೊಡ್ಡದು ಯಾವುದೋ ಅದು. ನಿಮ್ಮದು ಯಾವ ಥರ ಅಂತ ಕಚೇರಿ ಹೇಳ್ಬೇಕು. ಮನೆಯಲ್ಲಿ ಕೂತು ನಾವೇ ಇಲ್ಲ ಅಂತ ತೀರ್ಮಾನ ಮಾಡ್ಕೊಂಡ್ರೆ ಯಾರಿಗೆ ನಷ್ಟ?"

"ವರ್ಷ ಆಗ್ತಾ ಬಂತಲ್ಲ, ಇನ್ನು ಕೊಡ್ತಾರಾ?"

"ಬೇಗ ಹೋಗಿದ್ರೆ ಒಳ್ಳೇದಿತ್ತು. ಎಷ್ಟೋ ಕಡೆ ಗಡುವು ಇರುತ್ತೆ, ತಡ ಆದಷ್ಟೂ ಹಿಂದಿನ ಬಾಕಿ ಕೈತಪ್ಪಬಹುದು. ಆದ್ರೆ ತಡ ಆಯ್ತು ಅಂತ ಇನ್ನೂ ತಡ ಮಾಡೋದು ಯಾವ ಜಾಣತನ? ಅದಿರಲಿ, ಅವರು ಹೋದದ್ದನ್ನ ಬ್ಯಾಂಕಿಗೆ ತಿಳಿಸಿದ್ರಾ?"

"ಅದೇ ವಾರದಲ್ಲಿ. ಸತ್ತವರ ಹೆಸರಲ್ಲಿ ದುಡ್ಡು ತಗೊಳ್ಳೋದು ತಪ್ಪಲ್ವಾ?"

"ಭೇಷ್. ಅದೊಂದು ಸರಿಯಾಗಿ ಮಾಡಿದ್ದೀರಿ. ತಿಳಿಸದೆ ಅವರ ಪಿಂಚಣಿ ತೆಗೀತಾ ಹೋದವರು ಆಮೇಲೆ ಅಷ್ಟನ್ನೂ ವಾಪಸ್ ಕಟ್ಟಿ ಅತ್ತಿದ್ದನ್ನ ನೋಡಿದ್ದೀನಿ." ಆಮೇಲೆ ಕನ್ನಡಕದ ಮೇಲಿಂದ ನೋಡಿ, "ಇನ್ನೊಂದು ಕೇಳ್ಬೇಕು. ಮತ್ತೆ ಮದುವೆ ಆಗಿದ್ದೀರಾ? ಆದ್ರೆ ಕೆಲವು ಕಡೆ ನಿಯಮ ಬೇರೆ," ಎಂದರು.

"ಥೂ! ಒಬ್ಬರನ್ನ ಕಂಬದ ಹತ್ತಿರ ಕಾದು ಕಾದೇ ಕಾಲು ನೋವು ಬಂದಿದೆ, ಇನ್ನೊಬ್ಬರು ಬೇರೆ!" ಎಂದರು ಅತ್ತೆ. ಮೇಸ್ತ್ರಿ ಜೋರಾಗಿ ನಕ್ಕರು. ನಗು ಮುಗಿಯುವ ಮೊದಲೇ ಅತ್ತೆಯ ಕಣ್ಣು ತುಂಬಿತ್ತು.

"ನಿಜ ಹೇಳ್ಲಾ?" ಎಂದರು. "ನನಗದು ಬೇಡ. ಅವರು ಹೋದದ್ದಕ್ಕೆ ನನಗೆ ದುಡ್ಡಾ? ಆ ದುಡ್ಡಲ್ಲಿ ಊಟ ಮಾಡಿದ್ರೆ ಗಂಟಲಲ್ಲಿ ಇಳಿಯುತ್ತಾ? ನನ್ನ ಪಾಡಿಗೆ ನನ್ನ ಬಿಡಿ."

ಠಸ್ಸೆ ಅಕ್ಕನ ಕೈ ಮೇಜಿನ ಹತ್ತಿರ ಹೋಗಿ ಹಾಗೇ ನಿಂತಿತು. ಉತ್ತರ ಬಂದದ್ದು ಮೇಸ್ತ್ರಿಯಿಂದ.

"ಅಕ್ಕ, ಅವನು ನಿಮಗೆ ಏನೂ ಹೇಳ್ಲೇ ಇಲ್ವಾ?"

"ಏನು ಹೇಳ್ಬೇಕಿತ್ತು?"

"ನಾವಿಬ್ರೂ ನಿವೃತ್ತಿ ಕಾಗದ ಮಾಡೋಕೆ ಒಟ್ಟಿಗೆ ಹೋಗಿದ್ವಿ. ಅಲ್ಲಿ ಕೇಳಿದ್ರು: ಬದುಕಿರೋ ತನಕ ಪೂರ್ತಿ ಪಿಂಚಣಿ ಬೇಕಾ, ಇಲ್ಲ, ಈಗ ಸ್ವಲ್ಪ ಕಮ್ಮಿ ತಗೊಂಡು, ನಿಮ್ಮ ನಂತರ ಹೆಂಡತಿಗೆ ಮುಂದುವರಿಯೋ ಹಾಗೆ ಬೇಕಾ ಅಂತ. ನಾನು ಪೂರ್ತಿ ಅಂದೆ. ಅವನು ಕಮ್ಮೀದು ಅಂದ. ನಾನು ನಕ್ಕೆ. ಏನಪ್ಪಾ, ಈಗಲೇ ಸಾಯೋ ಯೋಚನೆನಾ ಅಂದೆ. ಅದಕ್ಕೆ ಅವನು ಏನಂದ ಗೊತ್ತಾ? ಅವನ ದನಿ ನಿಮಗೆ ಗೊತ್ತಲ್ಲ, ಇಡೀ ಕಚೇರಿ ತಿರುಗಿ ನೋಡ್ತು."

ಮೇಸ್ತ್ರಿ ಬಾಗಿಲಾಚೆಯ ರಸ್ತೆಯ ಕಡೆ ಕೈ ತೋರಿಸಿದರು.

"ಆ ರಸ್ತೆ ನಾನೇ ಸಮ ಮಾಡಿದ್ದು, ನಾನಿಲ್ಲ ಅಂತ ಅವಳು ಅದನ್ನ ಬಿಟ್ಟು ಹೋಗ್ಬಾರ್ದು ಅಂದ."

"ನನಗ್ಯಾಕೆ ಹೇಳ್ಲಿಲ್ಲ?" ಎಂದರು ಅತ್ತೆ.

"ನಾನೂ ಕೇಳ್ದೆ. ಹೇಳಿದ್ರೆ ಜಗಳ ತೆಗೀತಾಳೆ, 'ನಾನೇ ಮೊದಲು ಹೋಗ್ತೀನಿ, ಪೂರ್ತಿ ತಗೊಂಡು ಚೆನ್ನಾಗಿ ಉಣ್ಣಿ' ಅಂತಾಳೆ, ಅವಳ ಹತ್ರ ನಾನು ಯಾವತ್ತು ಗೆದ್ದಿದ್ದೀನಿ ಅಂದ."

ಅತ್ತೆ ಕೈಯಲ್ಲಿದ್ದ ಹಗ್ಗದ ಸುರುಳಿಯನ್ನು ಆ ಕಡೆ ಈ ಕಡೆ ತಿರುಗಿಸಿದರು. "ನಾನು ನಿದ್ದೆ ಹೊಡೆದಿರ್ತೀರಿ ಅಂತಿದ್ದೆ," ಎಂದರು. "ಪ್ರತೀ ತಿಂಗಳೂ ಅಂತಿದ್ದೆ ಕಣೇ. ನಗ್ತಾ ಕೂತಿರೋರು." ಆಮೇಲೆ ಅವರು ಅತ್ತರು. ನಾನೂ ಅತ್ತುಬಿಟ್ಟೆ. ಠಸ್ಸೆ ಅಕ್ಕ ಜಿಪ್ಪು ನೋಡುವವರ ಹಾಗೆ ಆ ಕಡೆ ತಿರುಗಿ ಮೂಗು ಒರೆಸಿಕೊಂಡರು. ಬೀದಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದ ಮನುಷ್ಯ ಒಂದೇ ಒಂದು ಗುಟ್ಟನ್ನು ಉಳಿಸಿಕೊಂಡಿದ್ದರು. ಅದೂ ಇಂಥ ಗುಟ್ಟು.

"ಈಗ ಹೇಳಿ," ಎಂದರು ಠಸ್ಸೆ ಅಕ್ಕ, ಮೆತ್ತಗಿನ ದನಿಯಲ್ಲಿ. "ಇದು ಅವರು ಹೋದದ್ದಕ್ಕೆ ಸರ್ಕಾರ ಕೊಡೋ ದುಡ್ಡಾ? ಅವರು ಇದ್ದಾಗಲೇ, ತಮ್ಮ ತಟ್ಟೆಯಿಂದ ತೆಗೆದು, ನಿಮಗೆ ಅಂತ ಎತ್ತಿಟ್ಟಿದ್ದು. ತಗೊಳ್ಳದೆ ಹೋದ್ರೆ ಅವರು ಅಷ್ಟು ವರ್ಷ ಬಿಟ್ಟಿದ್ದೆಲ್ಲ ಯಾರಿಗೂ ಇಲ್ಲದೆ ಹೋಗುತ್ತೆ."

ಅತ್ತೆ ಎದ್ದು ನಿಂತರು. "ನಾಳೆ ಎಷ್ಟು ಹೊತ್ತಿಗೆ ಕಚೇರಿ ತೆಗೀತಾರೆ?"

ಮರುದಿನ ಅತ್ತೆ, ಠಸ್ಸೆ ಅಕ್ಕ, ನಾನು ಮೂವರೂ ಹೋದೆವು. ಮರಣ ಪ್ರಮಾಣಪತ್ರ, ಇಬ್ಬರ ಗುರುತಿನ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಮಾವನ ಪಿಂಚಣಿ ಸಂಖ್ಯೆ ಎಲ್ಲವನ್ನೂ ಠಸ್ಸೆ ಅಕ್ಕ ಹಿಂದಿನ ದಿನವೇ ತೆಗೆಸಿ, ಎಲ್ಲಕ್ಕೂ ನಕಲು ಮಾಡಿಸಿದ್ದರು. ಗೇಟಿನ ಹತ್ತಿರ ಒಬ್ಬ, "ಬೇಗ ಮಾಡಿಸಿಕೊಡ್ತೀನಿ, ಸ್ವಲ್ಪ ಖರ್ಚಾಗುತ್ತೆ," ಎಂದು ಹಿಂದೆ ಬಿದ್ದ. ಠಸ್ಸೆ ಅಕ್ಕ ನಿಂತು ಅವನನ್ನು ಒಂದು ಸಲ ನೋಡಿದರು. ಅವನು ಬೇರೆ ಕಡೆ ಕೆಲಸವಿದ್ದವನ ಹಾಗೆ ಜಾಗ ಖಾಲಿ ಮಾಡಿದ.

ಕಿಟಕಿಯ ಒಳಗಿದ್ದ ಹುಡುಗಿ ಮದುವೆಯ ದಾಖಲೆ ಕೇಳಿದಳು. ಅತ್ತೆಯ ಮುಖ ಬಾಡಿತು. ಅವರು ಮದುವೆ ನೋಂದಣಿ ಮಾಡಿಸಿರಲಿಲ್ಲ.

"ಇರಿ, ನಿವೃತ್ತಿ ಸಮಯದಲ್ಲಿ ಜಂಟಿ ಫೋಟೋ ಕೊಟ್ಟಿರಬಹುದು," ಎಂದು ಆ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. "ಇವರೇನಾ?"

ಇಬ್ಬರೂ ಅಕ್ಕಪಕ್ಕ ನಿಂತಿದ್ದರು. ಅತ್ತೆ ಬಿಗಿದ ಮುಖದಲ್ಲಿ ನೇರ ನೋಡುತ್ತಿದ್ದರು. ಮಾವ ಬಾಯಿ ತೆರೆದು ಏನೋ ಹೇಳುತ್ತಿದ್ದರು. ಫೋಟೋದಲ್ಲೂ ಅವರಿಗೆ ಸುಮ್ಮನಿರಲು ಆಗಿರಲಿಲ್ಲ.

"ನಿವೃತ್ತಿ ನೆನಪಿಗೆ ಅಂತ ಸ್ಟುಡಿಯೋಗೆ ಕರ್ಕೊಂಡು ಹೋಗಿದ್ರು," ಎಂದರು ಅತ್ತೆ, ಗಾಜಿಗೆ ಬೆರಳು ತಾಗಿಸಿ. "ಮನೆಗೆ ಒಂದು ಪ್ರತಿ ಯಾಕೆ ತರ್ಲಿಲ್ಲ ಅಂತ ದಾರಿಯುದ್ದಕ್ಕೂ ಜಗಳ ಆಡಿದ್ದೆ."

ಆ ಹುಡುಗಿ ಮತ್ತೇನೂ ಕೇಳಲಿಲ್ಲ. "ಅವರು ನಿಮ್ಮ ಹೆಸರಿಗೆ ಆಯ್ಕೆ ಮಾಡಿದ್ದಾರೆ ಅಮ್ಮ, ದಾಖಲೆ ಸರಿಯಾಗಿದೆ. ನಿಮ್ಮ ಆಸ್ಪತ್ರೆ ಪಿಂಚಣಿಗೆ ಇದರಿಂದ ಏನೂ ತೊಂದರೆ ಇಲ್ಲ. ಹಿಂದಿನ ತಿಂಗಳುಗಳದ್ದು ಎಷ್ಟು ಸಿಗುತ್ತೆ ಅನ್ನೋದನ್ನ ಮೇಲಿನವರು ನೋಡ್ತಾರೆ. ಎಲ್ಲ ಆಗೋಕೆ ಸ್ವಲ್ಪ ಕಾಲ ಹಿಡಿಯುತ್ತೆ," ಎಂದು ಅರ್ಜಿ ತೆಗೆದುಕೊಂಡು ರಸೀದಿ ಕೊಟ್ಟಳು. ಆಮೇಲೆ ಕೇಳದೆಯೇ ಆ ಫೋಟೋದ ಒಂದು ಪ್ರತಿಯನ್ನೂ ತೆಗೆದುಕೊಟ್ಟಳು.

ಭಾನುವಾರ ಅತ್ತೆಯ ತಮ್ಮ ವ್ಯಾನ್ ತಂದರು. ಅತ್ತೆ ಟೀ ಕೊಟ್ಟು, ರಸೀದಿ ತೋರಿಸಿದರು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕೊಡೋವರೆಗೂ ನಂಬೋಕಾಗಲ್ಲ ಅಕ್ಕ," ಎಂದರು. "ನೀನು ನಂಬಬೇಡ ಬಿಡು, ನಾನು ನಂಬ್ತೀನಿ. ಸರ್ಕಾರವನ್ನಲ್ಲ, ನಿನ್ನ ಭಾವನ್ನ," ಎಂದರು ಅತ್ತೆ. ಖಾಲಿ ವ್ಯಾನ್ ಯಾಕೆ ಹೋಗಬೇಕೆಂದು ಹಳೆಯ ಟ್ರಂಕೊಂದನ್ನು ತಮ್ಮನ ಮಕ್ಕಳಿಗೆ ಕೊಟ್ಟು ಕಳಿಸಿದರು. ಮನೆಯ ಯಜಮಾನಿ ಬಾಡಿಗೆಗೆ ಸ್ವಲ್ಪ ಕಾಲ ತಡೆಯಲು ಒಪ್ಪಿದರು. "ಆ ಮನುಷ್ಯ ನನ್ನ ಸ್ಟವ್ ಎಷ್ಟು ಸಲ ಪುಕ್ಕಟೆ ರಿಪೇರಿ ಮಾಡಿಕೊಟ್ಟಿದ್ದಾರೆ, ನಾನೇನು ಕಲ್ಲಾ?" ಎಂದರಂತೆ.

ಮಂಜೂರಾಗಲು ಕೆಲವು ತಿಂಗಳು ಹಿಡಿಯಿತು. ನಡುವೆ ಎರಡು ಸಲ ಹೋಗಿ ವಿಚಾರಿಸಬೇಕಾಯಿತು. ಹಿಂದಿನ ಬಾಕಿ ಪೂರ್ತಿ ಸಿಗಲಿಲ್ಲ, ತಡವಾಗಿದ್ದಕ್ಕೆ ಒಂದಷ್ಟು ಹೋಯಿತು. ಆದರೆ ಬಂತು. ತಿಂಗಳು ತಿಂಗಳು ಬರುತ್ತಿದೆ. ಫ್ರಿಜ್ಜು ಮತ್ತೆ ಗುಂಯ್ ಎನ್ನುತ್ತಿದೆ, ಕಣ್ಣಿಗೆ ಹೊಸ ಕನ್ನಡಕ ಬಂದಿದೆ.

ಮೇಸ್ತ್ರಿಯ ಕಥೆ ಅಷ್ಟು ಸಲೀಸಲ್ಲ. ಪೂರ್ತಿ ಪಿಂಚಣಿ ಆರಿಸಿಕೊಂಡವರು ಅವರು. ಅವರ ಹೆಂಡತಿಗೆ ಆ ವಿಷಯವೇ ಗೊತ್ತಿರಲಿಲ್ಲ. "ಮನೆಯಲ್ಲಿ ಏನಂತ ಹೇಳ್ಲಿ?" ಎಂದು ತಲೆ ಮೇಲೆ ಕೈ ಹೊತ್ತು ಕೂತರು. "ಇದ್ದದ್ದನ್ನ ಹೇಳಿ," ಎಂದರು ಠಸ್ಸೆ ಅಕ್ಕ. ಒಮ್ಮೆ ಮಾಡಿದ ಆಯ್ಕೆಯನ್ನು ಬದಲಾಯಿಸುವುದು ಸಾಮಾನ್ಯವಾಗಿ ಕಷ್ಟ. ಅವರದೂ ಬದಲಾಗಲಿಲ್ಲ. ಈಗ ಗಂಡ ಹೆಂಡತಿ ಕೂತು ಮಾತಾಡಿ ಪ್ರತೀ ತಿಂಗಳೂ ಒಂದಿಷ್ಟನ್ನು ಹೆಂಡತಿಯ ಹೆಸರಿನಲ್ಲಿ ಬೇರೆ ಇಡುತ್ತಿದ್ದಾರೆ. ಗ್ಯಾಂಗಿನ ರೂಢಿಯೂ ಸ್ವಲ್ಪ ಬದಲಾಗಿದೆ. ಕವರ್ ಕೊಟ್ಟು ನಿಂತ ಕಾಲಲ್ಲೇ ಬರುವುದಿಲ್ಲ. ಕೂತು, ಟೀ ಕುಡಿದು, "ಇದು ನಮ್ಮದು, ಸರ್ಕಾರದ್ದು ಬೇರೆ ಇದೆ, ಅರ್ಜಿ ಹಾಕಿದ್ರಾ?" ಎಂದು ಕೇಳಿಯೇ ಏಳುತ್ತಾರೆ.

ಮೊನ್ನೆ ಅತ್ತೆ ಅಂಗಡಿಗೆ ಬಂದರು. ಮೂಲೆಯ ಕಂಬದಿಂದ ನನ್ನ ಬಾಗಿಲವರೆಗೆ ನಿಧಾನವಾಗಿ, ತೀರಾ ನಿಧಾನವಾಗಿ ನಡೆದು ಬಂದರು. ಕಾಲು ನೋವಾ ಎಂದು ಕೇಳಿದೆ. "ಇಲ್ಲ ಕಣೇ. ಅವರ ಥರ ನಡೆದು ನೋಡ್ತಿದ್ದೆ. ಹೀಗೆ ನಡೆದ್ರೆ ಎಷ್ಟೊಂದು ಕಾಣುತ್ತೆ," ಎಂದರು. ನೀಲಿ ದಾರ ತೆಗೆದುಕೊಂಡರು. ಆಮೇಲೆ ಚೀಲದಿಂದ ಒಂದು ಸುರುಳಿ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ನಿನ್ನ ಹಗ್ಗ. ಬಿಚ್ಚೂ ಇಲ್ಲ. ವಾಪಸ್ ಇಟ್ಕೋ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಪಿಂಚಣಿ ತರುವವರಿದ್ದಾರಾ? ಇವತ್ತು ಊಟಕ್ಕೆ ಕೂತಾಗ ಒಂದು ಮಾತು ಕೇಳಿ: "ನಮ್ಮಲ್ಲಿ ಒಬ್ಬರು ಹೋದರೆ, ಇನ್ನೊಬ್ಬರಿಗೆ ಏನು ಬರುತ್ತೆ?" ಕೇಳಲು ಮುಜುಗರವಾಗುತ್ತದೆ, ನನಗೂ ಆಯಿತು. ಆದರೂ ಕೇಳಿ. ನಿವೃತ್ತಿಗೆ ಇನ್ನೂ ಕಾಲವಿದ್ದರೆ, ಆಯ್ಕೆ ಮಾಡುವ ಮೊದಲು ಇಬ್ಬರೂ ಕೂತು ಯೋಚಿಸಿ. ಮದುವೆ ನೋಂದಣಿ ಆಗಿಲ್ಲದಿದ್ದರೆ ಮಾಡಿಸಿ, ಕಾಗದಗಳು ಎಲ್ಲಿವೆ ಎಂದು ಇಬ್ಬರಿಗೂ ಗೊತ್ತಿರಲಿ. ಸಾವಾದರೆ ಕೂಡಲೇ ತಿಳಿಸಿ, ಕುಟುಂಬ ಪಿಂಚಣಿಗೆ ಕೂಡಲೇ ಅರ್ಜಿ ಹಾಕಿ. ಎಷ್ಟೋ ಕಡೆ ಅದು ತಾನಾಗಿ ಬರುವುದಿಲ್ಲ. ನಿಯಮ ಒಂದೊಂದು ಕಡೆ ಒಂದೊಂದು ಥರ, ಹಾಗಾಗಿ ಪಕ್ಕದವರ ಮಾತು ಕೇಳಿ ಸುಮ್ಮನಾಗಬೇಡಿ. ನಿಮ್ಮ ಕಚೇರಿಗೇ ಹೋಗಿ ಕೇಳಿ, ಕೊಟ್ಟ ಅರ್ಜಿಗೆ ರಸೀದಿ ಪಡೆಯಿರಿ, ಬೇಗ ಮಾಡಿಸಿಕೊಡುತ್ತೇನೆ ಎನ್ನುವವರಿಗೆ ಕೈ ಮುಗಿದು ಮುಂದೆ ನಡೆಯಿರಿ.

ಮುಖ್ಯವಾಗಿ, ಪಿಸುಗುಟ್ಟಬೇಡಿ. ನಮ್ಮ ರೋಲರ್ ಮಾವನ ಹಾಗೆ ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿ. ಅವರು ಕಚೇರಿಯಲ್ಲಿ ಹೇಳಿದರು, ನೀವು ಮನೆಯಲ್ಲಿ ಹೇಳಿ.